ಖಾದರ್ ಬಾಷಾನ ಫುಗ್ಗಾ

ಕುರಿಯ ಲಿವರನ್ನು ಕೊಳ್ಳುವವರು ಕಣ್ಣಿನಿಂದ ನೋಡುತ್ತಾರೆ. ಕೊಡಿಗೇಹಳ್ಳಿಯ ಖಾದರ್ ಬಾಷಾ ಹೆಬ್ಬೆರಳಿನಿಂದ ನೋಡುತ್ತಿದ್ದ. ಬೆಳಿಗ್ಗೆ ಆರಕ್ಕೆ ಆಟೋದಲ್ಲಿ ಮಾಲು ಬಂದಿಳಿಯುತ್ತಿತ್ತು: ತಲೆ, ಕಾಲು, ಬೋಟಿ, ಲಿವರು, ಶ್ವಾಸಕೋಶ. ಪಕ್ಕದ ಬೀದಿಯ ಮಟನ್ ಅಂಗಡಿಯವರು ತೊಡೆ, ಎದೆ ಮಾರಿ ಗಾಜಿನ ಬಾಗಿಲು ಹಾಕಿಸಿಕೊಂಡರು, ಎಸಿ ಇಡಿಸಿದರು. ಒಳಗಿನ ಮಾಲು ಮಾರುವ ಖಾದರ್ ಬಾಷಾನಿಗೆ ಮೂವತ್ತೆರಡು ವರ್ಷದಿಂದ ಅದೇ ತಗಡಿನ ಸೂರು, ಅದೇ ಹುಣಸೆ ಮರದ ಕೊರಡು, ಮುಂದೆ ಕೂತು ಕಾಯುವ ಅದೇ ಐದಾರು ನಾಯಿ. ನಾಯಿಗಳು ಬದಲಾಗಿರಬೇಕು, ಅಷ್ಟು ವರ್ಷ ಯಾವ ನಾಯಿಯೂ ಬದುಕುವುದಿಲ್ಲ. ಆದರೆ ಕೂರುವ ಜಾಗ, ಕಾಯುವ ಮುಖ ಬದಲಾಗಿರಲಿಲ್ಲ.

ಕುರಿಯ ಲಿವರಿನಲ್ಲಿ, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಚೀಲಗಳಿರುತ್ತವೆ. ಕಡಲೆಕಾಳಿನಷ್ಟು ಇರಬಹುದು, ನಿಂಬೆಹಣ್ಣಿನಷ್ಟೂ ಇರಬಹುದು. ಮೇಲೆ ಕಂಡರೆ ಬೆಳ್ಳಗೆ, ಒಳಗೆ ಅಡಗಿದರೆ ಕಾಣುವುದೇ ಇಲ್ಲ. ಬಲೂನಿಗೆ ಮನೆಯಲ್ಲಿ ಹೇಳುವ ಹೆಸರನ್ನೇ ಕಸುಬಿನವರು ಅದಕ್ಕೂ ಇಟ್ಟಿದ್ದಾರೆ: ಫುಗ್ಗಾ. ಖಾದರ್ ಬಾಷಾ ಲಿವರಿನ ಮೇಲೆ ಹೆಬ್ಬೆರಳು ಆಡಿಸಿದರೆ ಎಲ್ಲಿ ಮಾಂಸ, ಎಲ್ಲಿ ನೀರು ಎಂದು ತಿಳಿಯುತ್ತಿತ್ತು. ಮಾಂಸ ಒತ್ತಿದರೆ ತಗ್ಗುತ್ತದೆ, ನೀರು ಒತ್ತಿದರೆ ತಿರುಗಿ ಒತ್ತುತ್ತದೆ. ಆರ್.ಟಿ. ನಗರದ ಹೋಟೆಲಿನವರೂ ಅವನ ಹೆಬ್ಬೆರಳು ದಾಟಿದ ಲಿವರನ್ನೇ ಕೇಳಿ ಒಯ್ಯುತ್ತಿದ್ದರು.

ಫುಗ್ಗಾ ಸಿಕ್ಕಿತೆಂದು ಇಡೀ ಲಿವರನ್ನು ಬಿಸಾಡುವಷ್ಟು ದೊಡ್ಡ ಮನುಷ್ಯ ಅವನಲ್ಲ. ಚೂರಿಯ ತುದಿಯಿಂದ ಒಂದು ಚುಚ್ಚು, ನೀರು ಚರಂಡಿಗೆ. ಸುತ್ತ ಎರಡು ಬೆರಳಿನಷ್ಟು ಕತ್ತರಿಸಿ ಚೀಲದ ಸಮೇತ ನಾಯಿಗಳ ಮುಂದೆ ಎಸೆದರೆ ಆಯಿತು. ಗಿರಾಕಿಗೆ ಒಳ್ಳೆಯ ಮಾಲು, ಬಾಯಿಲ್ಲದ ಪ್ರಾಣಿಗೆ ಅದರ ಪಾಲು, ತನಗೆ ಸ್ವಲ್ಪ ಪುಣ್ಯ. ಮೂರು ಪಕ್ಷಕ್ಕೂ ನಷ್ಟವಿಲ್ಲದ ವ್ಯಾಪಾರ ಎಂದು ಅವನು ನಂಬಿದ್ದ. ಅಂಥ ವ್ಯಾಪಾರ ಎದುರಾದಾಗ ಅನುಮಾನಿಸಬೇಕು ಎನ್ನುವುದು ಇದೊಂದನ್ನು ಬಿಟ್ಟು ಬೇರೆಲ್ಲ ವಿಷಯದಲ್ಲೂ ಅವನಿಗೆ ಗೊತ್ತಿತ್ತು.

ಸುಸ್ತು ಶುರುವಾಗಿ ಒಂದು ವರ್ಷವಾಗಿತ್ತು. ಮೊದಲು ಬೋಟಿಯ ಬಕೆಟ್ಟು ಭಾರವಾಯಿತು, ಆಮೇಲೆ ಚೂರಿಯೇ ಭಾರವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಒಂದು ಇಟ್ಟಿಗೆ ಇಟ್ಟು ಮರೆತು ಹೋದ ಹಾಗೆ. ಮಧ್ಯಾಹ್ನ ಊಟಕ್ಕೆ ಕೂತರೆ ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು.

"ವಯಸ್ಸಾಯ್ತು ಅನ್ನೋಕೆ ನಾಚ್ಕೆ ನಿಮಗೆ," ಅನ್ನುತ್ತಿದ್ದಳು ಹೆಂಡತಿ ಜಹೀರಾ. "ಐವತ್ತೆಂಟಕ್ಕೆ ಇಷ್ಟೊಂದು ಉಸ್ಸಪ್ಪ ಅಂದ್ರೆ ಎಪ್ಪತ್ತಕ್ಕೆ ಏನ್ ಮಾಡ್ತೀರಿ ಜೀ?"

"ಎಪ್ಪತ್ತಕ್ಕೆ ಸುಮ್ನೆ ಮಲ್ಗಿರ್ತೀನಿ. ಆಗ ಯಾರೂ ಏಳು ಅನ್ನಲ್ಲ."

"ಈಗ್ಲೂ ಯಾರು ಅಂತಾರೆ? ನಾನೊಬ್ಳೇ."

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ, ಯಾವುದೋ ಯೋಚನೆಯಲ್ಲಿ, ಖಾದರ್ ಬಾಷಾ ತನ್ನ ಪಕ್ಕೆಲುಬಿನ ಕೆಳಗೆ ಹೆಬ್ಬೆರಳು ಇಟ್ಟು ಒತ್ತಿದ. ಅದು ತಿರುಗಿ ಒತ್ತಿತು.

ಚೊಂಬು ಹಿಡಿದುಕೊಂಡು ಹಾಗೇ ನಿಂತ. ಇನ್ನೊಮ್ಮೆ ಒತ್ತಿ ನೋಡುವ ಅಗತ್ಯವಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅವನ ಹೆಬ್ಬೆರಳು ಸುಳ್ಳು ಹೇಳಿದ್ದಿಲ್ಲ. ನೀರು ಆರಿ ಮೈ ಚಳಿಯಾಗುವವರೆಗೆ ನಿಂತು, ಆಮೇಲೆ ಬಟ್ಟೆ ಹಾಕಿಕೊಂಡು ಅಂಗಡಿಗೆ ಹೋದ. ಜಹೀರಾಗೆ ಹೇಳಿದ್ದು ಹನ್ನೆರಡು ದಿನ ಕಳೆದ ಮೇಲೆ.

ಸ್ಕ್ಯಾನು ಅದನ್ನೇ ಹೇಳಿತು, ಅಳತೆ ಸಮೇತ. ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಸ್ನೇಹಾ ಎಂಬ ಸರ್ಜನ್, ಮಗಳ ವಯಸ್ಸಿನವಳು, ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದಳು. ಬೂದು ಲಿವರಿನ ನಡುವೆ ಕಪ್ಪಗೆ, ದುಂಡಗೆ, ಮೂಸಂಬಿಯಷ್ಟು ದೊಡ್ಡ ಗೂಡು.

"ಒಂಬತ್ತು ಸೆಂಟಿಮೀಟರ್ ಇದೆ. ಒಳಗೆ ಪೂರ್ತಿ ನೀರು. ನೀವು ಏನು ಕೆಲಸ ಮಾಡೋದು?"

ಹೇಳಿದ.

"ಓ," ಅಂದಳು ಡಾಕ್ಟರು. ಆ 'ಓ' ಜಹೀರಾಗೆ ಹಿಡಿಸಲಿಲ್ಲ. "ಮನೇಲಿ ನಾಯಿ ಸಾಕಿದ್ದೀರಾ?"

"ಛೇ ಛೇ, ನಮ್ಮಲ್ಲಿ ನಾಯಿ ಮುಟ್ಟಲ್ಲ ಮೇಡಂ."

"ನಾಯಿ ನಿಮ್ಮನ್ನ ಮುಟ್ಟುತ್ತಾ?"

ಖಾದರ್ ಬಾಷಾ ಯೋಚಿಸಿದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾಯಿಗಳು ಮಲಗುವುದು ಅದೇ ತಂಪು ಕಲ್ಲಿನ ಮೇಲೆ. ಕೊರಡು ನೆಕ್ಕುತ್ತವೆ. ಹೊರಗಿನ ಡ್ರಮ್ಮಿನಲ್ಲಿ ನೀರು ಕುಡಿಯುತ್ತವೆ. ಬೆಳಿಗ್ಗೆ ಅದೇ ಕಲ್ಲನ್ನು ಕೈಯಲ್ಲಿ ಒರೆಸಿ, ಅದೇ ಡ್ರಮ್ಮಿನಲ್ಲಿ ಕೈ ಅದ್ದಿ, ಮನೆಯಿಂದ ಬಂದ ಪರೋಟ ಅಲ್ಲೇ ಕೂತು ತಿನ್ನುತ್ತಾನೆ. ಅವನು ಇದನ್ನೆಲ್ಲ ಹೇಳುತ್ತ ಹೋದ ಹಾಗೆ ಜಹೀರಾಳ ಮುಖ ಬಿಗಿಯಾಯಿತು. ಕಾಯಿಲೆಯ ಮಾತು ಪಕ್ಕಕ್ಕಿರಲಿ, ಕೈ ತೊಳೆಯದೆ ತಿನ್ನುವ ವಿಷಯಕ್ಕೆ ಮನೆಯಲ್ಲಿ ಬೇರೆ ವಿಚಾರಣೆ ನಡೆಯುವುದಿತ್ತು.

ಡಾಕ್ಟರು ಕಾಗದದ ಮೇಲೆ ಕುರಿ, ನಾಯಿ, ಮನುಷ್ಯರ ಚಿತ್ರ ಬರೆದು ನಡುವೆ ಬಾಣ ಹಾಕಿದಳು. ಕುರಿ ಒಂದು ಬಲೂನಿನ ಹಾಗಿತ್ತು. ಫುಗ್ಗಾ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ, ಕೂದಲಿನಲ್ಲಿ, ಅಲ್ಲಿಂದ ನೆಲದಲ್ಲಿ, ನೀರಿನಲ್ಲಿ. ಕುರಿ ಅದನ್ನು ಹುಲ್ಲಿನ ಜತೆ ತಿನ್ನುತ್ತದೆ, ಮನುಷ್ಯ ಪರೋಟದ ಜತೆ. ಮೊಟ್ಟೆ ಒಡೆದು ಹೊರಬಂದ ಮರಿ ಕರುಳಿನಿಂದ ರಕ್ತಕ್ಕೆ ಇಳಿದು ಲಿವರಿನಲ್ಲಿ ಕೂರುತ್ತದೆ. ಕೂತಲ್ಲೇ ತನ್ನ ಸುತ್ತ ಒಂದು ಪೊರೆ, ಒಳಗೆ ಒಂದು ಹನಿ ನೀರು. ಲಿವರು ಅದನ್ನು ಹೊರಗೆ ಹಾಕಲಾರದೆ ತಾನೂ ಸುತ್ತ ಒಂದು ಗೋಡೆ ಕಟ್ಟುತ್ತದೆ. ಒಳಗೆ ನೀರು ಹೆಚ್ಚುತ್ತದೆ, ಗೋಡೆ ಹಿಂದೆ ಸರಿಯುತ್ತದೆ.

"ನಮ್ಮ ಏರಿಯಾ ಕೆರೆ ಒತ್ತುವರಿ ಥರಾನೇ," ಅಂದ ಖಾದರ್ ಬಾಷಾ. "ಮೊದ್ಲು ಒಂದು ಶೆಡ್ಡು. ಆಮೇಲೆ ಕಾಂಪೌಂಡು. ನಾವೇ ಕಟ್ಟಿಸ್ಕೊಡ್ತೀವಿ."

"ಹೆಚ್ಚುಕಮ್ಮಿ ಹಾಗೇ. ಹತ್ತು ವರ್ಷದಿಂದ ಇರಬಹುದು ಇದು."

ಹತ್ತು ವರ್ಷ. ಬೀದಿಗೆ ಡಾಂಬರು ಬರುವ ಮೊದಲಿಂದ. ಬಾಡಿಗೆ ಕೊಡದೆ, ಸದ್ದು ಮಾಡದೆ, ಅವನು ತಿಂದದ್ದರಲ್ಲಿ ತಿಂದು ಕೂತಿತ್ತು. ಖಾದರ್ ಬಾಷಾನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡಲೂ ಶಕ್ತಿ ಬೇಕು.

"ಒಂದು ಸೂಜಿ ಚುಚ್ಚಿ ನೀರು ಬಿಟ್ಬಿಡಿ ಮೇಡಂ. ನಾನು ದಿನಾ ಮಾಡೋ ಕೆಲಸ ಅದು. ಎರಡು ನಿಮಿಷ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಬಾಷಾ ಅವರೇ, ಸರಿಯಾಗಿ ಕೇಳಿಸ್ಕೊಳ್ಳಿ. ಕೆಲವರಿಗೆ ಸೂಜಿಯಲ್ಲೇ ಮಾಡ್ತೀವಿ, ಆದ್ರೆ ಮಾತ್ರೆ ಕೊಟ್ಟು, ಸ್ಕ್ಯಾನ್ ನೋಡ್ತಾ, ಎಲ್ಲ ತಯಾರಿ ಇಟ್ಕೊಂಡು. ನಿಮ್ಮದು ಅದಕ್ಕೆ ಆಗಲ್ಲ, ಒಳಗೆ ಮರಿಚೀಲಗಳಿವೆ. ಆ ನೀರು ಹೊಟ್ಟೆಯೊಳಗೆ ಒಡೆದರೆ ಮೈಗೆ ಆಗದೆ ಬಿಪಿ ಬಿದ್ದು ಅಲ್ಲೇ ಪ್ರಾಣ ಹೋಗಬಹುದು. ಉಳಿದ್ರೂ ಬೀಜ ಚೆಲ್ಲಿದ ಹಾಗೆ, ಒಂದಿದ್ದದ್ದು ಐವತ್ತಾಗುತ್ತೆ. ಆರು ವಾರ ಮಾತ್ರೆ ತಗೊಳ್ಳಿ. ಆಮೇಲೆ ಆಪರೇಷನ್. ಅಲ್ಲೀವರೆಗೆ ಭಾರ ಎತ್ತಬೇಡಿ, ಬೀಳಬೇಡಿ, ಏಟು ತಿನ್ನಬೇಡಿ, ಒತ್ತಿ ನೋಡಬೇಡಿ."

ಕೊನೆಯದನ್ನು ಹೇಳುವಾಗ ಅವಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಆರು ವಾರ. ಅಂಗಡಿಯಲ್ಲಿ ಜಹೀರಾ ಕೂತಳು, ಡ್ರಮ್ಮಿಗೆ ಮುಚ್ಚಳ ತಂದಳು. ಬೇರೊಬ್ಬ ಅಂಗಡಿಯವನು ಬೆಳಿಗ್ಗೆ ಬಂದು ಮಾಲು ಇಳಿಸಿಕೊಡುತ್ತಿದ್ದ. ಖಾದರ್ ಬಾಷಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುವ ನಾಯಿಗಳಲ್ಲಿ ತಾನೂ ಒಂದಾದ. ಮಾತ್ರೆಗೆ ವಾಕರಿಕೆ. ಕೂತರೆ ಭಾರ, ಮಲಗಿದರೆ ಉಸಿರುಕಟ್ಟು. ಸ್ಕೂಟರ್ ಹತ್ತಿರ ಬಂದರೆ ಎರಡೂ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಸೀನು ಬಂದರೆ ಹೆದರಿ ಮೂಗು ಹಿಡಿದುಕೊಳ್ಳುತ್ತಿದ್ದ. ಅವನಿಗೆ ಸಾಯುವ ಭಯಕ್ಕಿಂತ ಜಾಗರೂಕನಾಗಿರುವ ಆಯಾಸವೇ ದೊಡ್ಡದಾಯಿತು. ನಿದ್ದೆಯಲ್ಲೂ ಒಂದು ತುಂಬಿದ ಮಡಕೆ ಹೊತ್ತು ನಡೆಯುವ ಹಾಗೆ ಬದುಕುವುದು ಎಷ್ಟು ದಿನ?

ಮೂರನೆಯ ವಾರದ ಕೊನೆಗೆ ಅವನು ಗೆಳೆಯ ಬಾಲರಾಜನ ಹತ್ತಿರ ಹೋದ. ಬಾಲರಾಜ್ ಹಿಂದೆ ಒಂದು ನರ್ಸಿಂಗ್ ಹೋಮಿನಲ್ಲಿ ಕಾಂಪೌಂಡರ್ ಆಗಿದ್ದವನು, ಈಗ ಎದುರು ಬೀದಿಯಲ್ಲಿ ಔಷಧಿ ಅಂಗಡಿ. ಬಿಪಿ ನೋಡುತ್ತಾನೆ, ಇಂಜೆಕ್ಷನ್ ಕೊಡುತ್ತಾನೆ. ಯಾರಾದರೂ 'ಡಾಕ್ಟ್ರೇ' ಅಂದರೆ ತಿದ್ದುವುದಿಲ್ಲ.

"ಬಾಲು, ನೀನು ಮೊಣಕಾಲಿಂದ ನೀರು ತೆಗೀತಿದ್ದೆ ಅಲ್ವಾ?"

"ಮೊಣಕಾಲೇನು ಗುರು, ಎದೆಯಿಂದ ತೆಗೆಯೋವಾಗ್ಲೂ ಪಕ್ಕದಲ್ಲಿ ನಿಂತವನು ನಾನು. ಡಾಕ್ಟರ್ರು ಕೈ ನಡುಗಿದ್ರೆ ನನ್ನ ಮುಖ ನೋಡೋರು."

"ಲಿವರಿಂದ?"

ಬಾಲರಾಜ್ ಒಂದು ಕ್ಷಣ ಹಿಂಜರಿದ. ಹೊಗಳಿಕೆಯ ಮುಂದೆ ಹಿಂಜರಿಕೆ ಬಹಳ ಹೊತ್ತು ನಿಲ್ಲುವ ಜಾಯಮಾನ ಅವನದಲ್ಲ.

"ನೀರು ನೀರೇ ತಾನೆ. ಉದ್ದದ ಸೂಜಿ ಬೇಕು ಅಷ್ಟೇ. ಯಾಕೆ, ಮೇಡಂ ಏನಂದ್ರು?"

"ಆರು ವಾರ ಅಂದ್ರು. ನನ್ ಕೈಲಿ ಆಗಲ್ಲ ಕಣೋ. ಮುಗಿದ್ರೆ ಸಾಕು. ಎಲ್ಲಿ ಚುಚ್ಬೇಕು ಅಂತ ನಾನು ತೋರಿಸ್ತೀನಿ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅದು?"

ಗುರುವಾರ ಮಧ್ಯಾಹ್ನ ಎಂದು ಗೊತ್ತಾಯಿತು. ಗುರುವಾರ ಅರ್ಧ ಊರು ಮಾಂಸ ಮುಟ್ಟುವುದಿಲ್ಲ, ಅಂಗಡಿ ಖಾಲಿ. ಜಹೀರಾ ಅಂದು ತಂಗಿ ಮುನ್ನಿಯ ಮನೆಗೆ ಯಲಹಂಕಕ್ಕೆ ಹೋಗುವವಳಿದ್ದಳು. ಅವಳಿಗೆ ಹೇಳಬೇಕಾಗಿರಲಿಲ್ಲ.

ಕಸುಬುದಾರನ ಹೆಮ್ಮೆ ಎಲ್ಲಿದ್ದರೂ ಬಿಡುವುದಿಲ್ಲ. ಚುಚ್ಚುವ ಮೊದಲು ಬಾಲರಾಜನಿಗೆ ಪಾಠ ಮಾಡಬೇಕು ಅನಿಸಿತು ಖಾದರ್ ಬಾಷಾನಿಗೆ. ಬೆಳಗಿನ ಮಾಲಿನಲ್ಲಿ ಒಂದು ಮುದಿ ಕುರಿಯ ಲಿವರು ಬಂದಿತ್ತು. ಒಳಗೆ ಕಿತ್ತಳೆಯಷ್ಟು ಫುಗ್ಗಾ, ಅಂಥದ್ದು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಅದನ್ನು ಎತ್ತಿಟ್ಟಿದ್ದ. ಬಾಲರಾಜ್ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿಕೊಂಡು, ಸಿರಿಂಜು, ಸ್ಪಿರಿಟ್ಟು, ಹತ್ತಿ ಒಂದು ಬಾಕ್ಸಿನಲ್ಲಿ ಹಿಡಿದುಕೊಂಡು ಬಂದ.

"ನೋಡು, ಬೆರಳಿಡು ಇಲ್ಲಿ. ತಿರುಗಿ ಒತ್ತುತ್ತಾ? ಅದೇ. ಈಗ ಓರೆಯಾಗಿ, ಹೀಗೆ..."

ಚೂರಿಯ ತುದಿ ತಾಗಿತೋ ಇಲ್ಲವೋ, ನೀರು ಪಿಚಕಾರಿಯಂತೆ ಎದ್ದಿತು. ಬಾಲರಾಜನ ಕನ್ನಡಕ, ಅಂಗಿ, ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರು, ಎಲ್ಲ ಒದ್ದೆ.

"ಥೂ! ಏನ್ ಗುರು, ಹೋಳಿ ಆಡ್ತಿದ್ದೀಯಾ? ಲಾಂಡ್ರಿಗೆ ನೀನೇ ಕೊಡ್ಬೇಕು ಇದನ್ನ!" ಬಾಲರಾಜ್ ನಕ್ಕ.

ಖಾದರ್ ಬಾಷಾ ನಗಲಿಲ್ಲ. ಹೀಗೆ ಚಿಮ್ಮುವುದು ಅವನಿಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಚಿಮ್ಮಿದ್ದನ್ನು ಒರೆಸಿದ್ದನೇ ಹೊರತು ನೋಡಿರಲಿಲ್ಲ. ಕೊರಡಿನ ಮೇಲೆ ನಿಂತ ನೀರಿನಲ್ಲಿ ಬೆಳ್ಳನೆಯ ಪುಡಿ, ನುಣ್ಣನೆ ರವೆಯ ಹಾಗೆ, ಇಳಿಯುತ್ತಿತ್ತು. ಒಡೆದ ಚೀಲದೊಳಗೆ ಇನ್ನಷ್ಟು ಚೀಲಗಳು, ನೆನೆಸಿದ ಸಬ್ಬಕ್ಕಿಯಂತೆ, ಒಂದರ ಮೈಗೆ ಒಂದು ಅಂಟಿಕೊಂಡು, ಉರುಳಿಕೊಂಡು ಬರುತ್ತಿದ್ದವು.

ಬಟ್ಟೆ ತೆಗೆದುಕೊಂಡು ಒರೆಸಿದ. ಪುಡಿ ಕೊರಡಿನ ಚೂರಿಗೆರೆಗಳೊಳಗೆ ಇಳಿಯಿತು. ಚೂರಿಯ ತುದಿಯಿಂದ ಗೆರೆ ಕೆರೆದ. ಒಂದು ಸಬ್ಬಕ್ಕಿ ಪಕ್ಕದ ಒಳ್ಳೆಯ ಲಿವರಿನ ಮಡಿಕೆಗೆ ಜಾರಿತು. ತೆಗೆಯಲು ಹೋದರೆ ಬೆರಳಿನಡಿ ಒಡೆಯಿತು. ಇನ್ನೊಂದು ಬಾಲರಾಜನ ಜೇಬಿನ ಅಂಚಿನಲ್ಲಿತ್ತು. ಮತ್ತೊಂದು ನೆಲದ ಮೇಲೆ. ಅವನು ಬಗ್ಗಿದ, ಕೂತ, ಬೆಳಕಿಗೆ ಓರೆಯಾಗಿ ನೋಡಿದ. ಹತ್ತು ನಿಮಿಷ ಹುಡುಕಿದ. ಒಂದೇ ಒಂದು ಚುಚ್ಚು. ಕಣ್ಣಿಗೆ ಕಾಣುವ ಕೊರಡಿನ ಮೇಲೆ, ಹಗಲು ಬೆಳಕಿನಲ್ಲಿ, ಎರಡು ಕೈಯಿಂದ ಆಯ್ದುಕೊಳ್ಳಲಾಗುತ್ತಿಲ್ಲ.

ಬಾಲರಾಜನ ನಗೆ ಯಾವಾಗಲೋ ನಿಂತಿತ್ತು. ಅವನು ಜೇಬಿನ ಅಂಚನ್ನು ನೋಡಿಕೊಂಡ, ಬಾಕ್ಸನ್ನು ನೋಡಿದ, ಗೆಳೆಯನ ಹೊಟ್ಟೆಯನ್ನು ನೋಡಿದ.

"ಖಾದರ್... ನಾನು ಸುಮ್ನೆ ಜಂಬಕ್ಕೆ ಹೇಳ್ದೆ ಕಣೋ. ಎದೆಯಿಂದ ನೀರು ತೆಗೆಯೋವಾಗ ನಾನು ಟ್ರೇ ಹಿಡ್ಕೊಂಡಿದ್ದೆ ಅಷ್ಟೇ. ಕಣ್ಣು ಮುಚ್ಕೊಂಡಿದ್ದೆ."

"ಎತ್ತಿಟ್ಕೋ ನಿನ್ ಸೂಜಿ," ಅಂದ ಖಾದರ್ ಬಾಷಾ. "ಮನೇಗ್ ಹೋಗಿ ಅಂಗಿ ಬಿಸಿನೀರಲ್ಲಿ ಹಾಕು. ಕೈ ತೊಳ್ಕೋ."

ಆವತ್ತು ನಾಯಿಗಳಿಗೆ ಏನೂ ಬೀಳಲಿಲ್ಲ. ಮಾರನೆಯ ದಿನವೂ ಬೀಳಲಿಲ್ಲ. ಊರಿನ ಹಳೇ ಮನೆಯ ಬೈರಮ್ಮ, ವಾರಕ್ಕೊಮ್ಮೆ ಮೊಮ್ಮಕ್ಕಳಿಗೆಂದು ಲಿವರು ಒಯ್ಯುವ ಮುದುಕಿ, ಬಂದವಳೇ ತರಾಟೆಗೆ ತೆಗೆದುಕೊಂಡಳು.

"ಏನ್ಲಾ ಸಾಬಿ, ಬಾಯಿಲ್ದಿರೋ ಪ್ರಾಣಿ ಇಂಗೆ ನೋಡ್ಕಂಡು ಕುಂತವೆ. ನಿಂಗೆ ಊಟ ಸೇರ್ದಿದ್ರೆ ಅವ್ಕೂ ಉಪಾಸಾನಾ?"

"ಅಮ್ಮಾ, ಹಸೀದು ಹಾಕ್ಬಾರ್ದಂತೆ. ಅದರಿಂದಾನೇ ನನಗೆ ಇದು ಬಂದಿರೋದು."

"ಅಂಗಾರೆ ಬೇಯ್ಸಿ ಆಕು!"

ಡಾಕ್ಟರು ಬಾಣ ಹಾಕಿ ಹೇಳಿದ್ದೂ ಅದೇ. ಆದರೆ ಬೈರಮ್ಮ ಹೇಳಿದ್ದು ಬೇಗ ಇಳಿಯಿತು. ಅಂಗಡಿಯ ಹಿಂದೆ ಮೂರು ಕಲ್ಲಿಟ್ಟು, ಹಳೇ ಹಂಡೆಯಲ್ಲಿ ಬೇಡದ ಶ್ವಾಸಕೋಶ, ಫುಗ್ಗಾ, ತುಂಡು ಎಲ್ಲ ಹಾಕಿ ಅರ್ಧ ಗಂಟೆ ಕುದಿಸುವುದು ಶುರುವಾಯಿತು. ಬೀದಿಯೆಲ್ಲ ವಾಸನೆ. ಜಹೀರಾ ಸೆರಗು ಮೂಗಿಗೆ ಹಿಡಿದು ಸೌಟು ಆಡಿಸುತ್ತ, "ಗಂಡನಿಗೆ ಗಂಜಿ, ನಾಯಿಗೆ ಪಾಯಾ ಸೂಪು," ಅಂದಳು. ಬಾಲರಾಜ್ ಯಾರೂ ಕೇಳದೆ ನಾಯಿಗಳಿಗೆ ಹುಳುವಿನ ಮಾತ್ರೆ ತಂದು ಬೆಂದ ತುಂಡಿನಲ್ಲಿಟ್ಟು ತಿನ್ನಿಸಿದ. ಗುರುವಾರದ ವಿಷಯ ಇಬ್ಬರೂ ಜಹೀರಾಗೆ ಹೇಳಲಿಲ್ಲ. ಕ್ಯಾಲೆಂಡರು ಎಲ್ಲಿ ಹೋಯಿತು ಎಂದು ಅವಳು ಕೇಳಿದಳು, ಅಷ್ಟೇ.

ಉಳಿದ ಮೂರು ವಾರ ಮೊದಲ ಮೂರಕ್ಕಿಂತ ಉದ್ದವಾಗಿದ್ದವು. ಮೊದಲು ಒಂದು ಭಾರವನ್ನು ಹೊತ್ತಿದ್ದ, ಈಗ ಅದರೊಳಗಿನ ಪ್ರತಿ ಕಾಳನ್ನೂ ಹೊತ್ತಿದ್ದ. ನಮಾಜಿಗೆ ಕುರ್ಚಿಯಲ್ಲಿ ಕೂತ. ಯಾರಾದರೂ ತಬ್ಬಿಕೊಳ್ಳಲು ಬಂದರೆ ಕೈ ಮುಂದೆ ಚಾಚಿ ಸಲಾಮು ಮುಗಿಸಿದ. 'ಖಾದರ್ ಬಾಷಾ ದೊಡ್ಡ ಮನುಷ್ಯ ಆಗ್ಬಿಟ್ಟ, ತಬ್ಬೋಕೂ ಸಿಗಲ್ಲ' ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದುಕೊಂಡ. ವಿವರಿಸುವುದು ಇನ್ನೊಂದು ಕೆಲಸ.

ಆಪರೇಷನ್ನಿಗೆ ಸೇರುವ ದಿನ ಕೊಡಿಗೇಹಳ್ಳಿಯಿಂದ ಹೆಬ್ಬಾಳಕ್ಕೆ ಆಟೋದಲ್ಲಿ ಹೋದರು. ಹಂಪು ಬಂದಾಗಲೆಲ್ಲ ಜಹೀರಾ ಡ್ರೈವರಿನ ಬೆನ್ನು ತಟ್ಟುತ್ತಿದ್ದಳು.

"ನಿಧಾನಾ ಅಣ್ಣಾ, ನಿಧಾನಾ."

"ಏನಕ್ಕಾ, ಡೆಲಿವರಿನಾ?" ಕನ್ನಡಿಯಲ್ಲಿ ಗಡ್ಡದ ಖಾದರ್ ಬಾಷಾನನ್ನು ನೋಡಿ ಡ್ರೈವರ್ ಕೇಳಿದ.

"ಹೌದಪ್ಪ," ಅಂದ ಖಾದರ್ ಬಾಷಾ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು. "ಹತ್ತು ವರ್ಷ ತುಂಬಿದೆ."

ಜಹೀರಾ ನಕ್ಕು, ಮುಖ ಹೊರಗೆ ತಿರುಗಿಸಿಕೊಂಡಳು. ಸರ್ವಿಸ್ ರೋಡಿನ ಗುಂಡಿಗಳನ್ನು ಡ್ರೈವರ್ ಆಮೇಲೆ ಮೊಟ್ಟೆ ಸಾಗಿಸುವವನಂತೆ ದಾಟಿಸಿದ.

ಮಾರನೆಯ ಬೆಳಿಗ್ಗೆ ಒಳಗೆ ಒಯ್ಯುವ ಮೊದಲು ಡಾಕ್ಟರ್ ಸ್ನೇಹಾ ಬಂದು ನಿಂತಳು. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಲಿವರಿನ ಸುತ್ತ ಒತ್ತಾಗಿ ಇಡುತ್ತೇವೆ, ಅಕಸ್ಮಾತ್ ಒಂದು ಹನಿ ಸೋರಿದರೂ ಉಪ್ಪು ಅದನ್ನು ಕೊಲ್ಲುತ್ತದೆ ಎಂದಳು.

"ಗಟ್ಟಿ ಉಪ್ಪು ಹಾಕಿ ಮೇಡಂ," ಅಂದ. "ಕೈ ಹಿಡೀಬೇಡಿ."

"ಹಿಡಿಯಲ್ಲ."

ಅವಳ ಕೈಗಳನ್ನು ನೋಡಿದ. ಸಣ್ಣವು, ಉಗುರು ಕತ್ತರಿಸಿದ್ದವು, ಅಲುಗುತ್ತಿರಲಿಲ್ಲ. ಕಸುಬಿನ ಕೈ. ಅದಕ್ಕಿಂತ ಹೆಚ್ಚು ಭರವಸೆ ಯಾವ ಮಾತಿನಿಂದಲೂ ಅವನಿಗೆ ಸಿಗುತ್ತಿರಲಿಲ್ಲ.

ಎಚ್ಚರವಾದಾಗ ಸಂಜೆಯ ಬಿಸಿಲು ವಾರ್ಡಿನ ಗೋಡೆಯ ಮೇಲಿತ್ತು. ಗಂಟಲು ಒಣಗಿತ್ತು. ಬಲಗಡೆ ಒಂದು ಟ್ಯೂಬು ಹೊರಗೆ ಬಂದಿತ್ತು. ಜಹೀರಾ ಸ್ಟೂಲಿನ ಮೇಲೆ ಕೂತು, ಕೂತಲ್ಲೇ ತೂಕಡಿಸುತ್ತಿದ್ದಳು. ಡಾಕ್ಟರ್ ಮಂಚದ ಹತ್ತಿರ ಬಂದಾಗ ಅವನು ಕೇಳಿದ್ದು ಒಂದೇ ಮಾತು.

"ಒಡೀತಾ?"

"ಇಲ್ಲ. ಒಂದು ಹನಿನೂ ಹೊರಗೆ ಬೀಳಲಿಲ್ಲ."

ಜಹೀರಾ ಎಚ್ಚೆತ್ತು ನೆಟ್ಟಗೆ ಕೂತಳು. ಏನನ್ನೋ ಪಿಸುಗುಟ್ಟಿ ಕೈಯಿಂದ ಮುಖ ಒರೆಸಿಕೊಂಡಳು.

"ಆದ್ರೆ ಹಿಂದುಗಡೆ ಇನ್ನೊಂದಿದೆ," ಅಂದಳು ಡಾಕ್ಟರು. "ತೀರಾ ಚಿಕ್ಕದು, ಗೋಲಿಯಷ್ಟು. ಸ್ಕ್ಯಾನಲ್ಲಿ ಕಂಡಿರಲಿಲ್ಲ. ಅದನ್ನ ಮುಟ್ಟಲಿಲ್ಲ. ಮಾತ್ರೆಗೇ ಒಣಗಬಹುದು. ಆರಾರು ತಿಂಗಳಿಗೆ ಬಂದು ತೋರಿಸಿ."

ಖಾದರ್ ಬಾಷಾ ತುಟಿ ನೆಕ್ಕಿಕೊಂಡ. ಬೈಯಬೇಕೋ, ಥ್ಯಾಂಕ್ಸ್ ಹೇಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಬಾಯಿ ಒಣಗಿತ್ತು.

"ಎಷ್ಟು ವರ್ಷ ತೋರಿಸ್ಬೇಕು?"

"ಐದು ವರ್ಷ ಅಂತೂ ಬನ್ನಿ."

"ಬರೋಣ ಬಿಡಿ," ಅಂದ. "ಬಸ್ಸಿದೆ."

ಡಾಕ್ಟರು ಹೊರಡುವ ಮುನ್ನ ತಡೆದು ನಿಂತಳು. "ತೆಗೆದಿದ್ದು ಇನ್ನೂ ಇಲ್ಲೇ ಇದೆ, ನಾಳೆ ಲ್ಯಾಬಿಗೆ ಹೋಗುತ್ತೆ. ಬಾಟಲಲ್ಲಿದೆ. ಬಹಳ ಜನ ಕೇಳ್ತಾರೆ. ನೀವು ನೋಡ್ತೀರಾ?"

"ಬೇಡ ಮೇಡಂ. ನೀವು ನೋಡಿದ್ರಲ್ಲ, ಸಾಕು."

ಅವಳು ಹೋದ ಮೇಲೆ ಬಲಕ್ಕೆ ಹೊರಳಲು ನೋಡಿದ. ಟ್ಯೂಬು ಬಿಡಲಿಲ್ಲ. ಜಹೀರಾ ಭುಜ ಹಿಡಿದು ಎಡಕ್ಕೆ ತಿರುಗಿಸಿದಳು, ಬೆನ್ನಿಗೆ ದಿಂಬು ಕೊಟ್ಟಳು. ಸೀನು ಬಂತು. ಮೂಗು ಹಿಡಿದುಕೊಳ್ಳದೆ ಜೋರಾಗಿ ಸೀನಿದ. ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು.

"ನೋಯ್ತಾ?" ಅಂದಳು ಜಹೀರಾ.

"ಹ್ಞೂಂ. ಬರೀ ನೋವು," ಅಂದ ಖಾದರ್ ಬಾಷಾ, ಕಣ್ಣು ಮುಚ್ಚಿದ.